ಯು0126: ಸ್ಟೀರಿಂಗ್ ಆಂಗಲ್ ಸೆನ್ಸರ್ ಸಂಪರ್ಕ ಕಡಿತ

ಪ್ರಶ್ನೆ: ನನ್ನ ಕಾರಿನಲ್ಲಿ ಎಬಿಎಸ್ ಮತ್ತು ಇಎಸ್‌ಪಿ (ಕಾರು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ದೀಪಗಳು ಒಟ್ಟಿಗೆ ಹೊತ್ತಿಕೊಂಡಿದ್ದು, ಸ್ಕ್ಯಾನರ್ ಯು0126 ಕೋಡ್ ತೋರಿಸುತ್ತಿದೆ. ಗ್ಯಾರೇಜಿನವರು ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ತಿಳಿಸುವ ಸೆನ್ಸರನ್ನೇ ಬದಲಿಸಬೇಕೆನ್ನುತ್ತಾರೆ. ಅದಕ್ಕೂ ಮುನ್ನ ಏನನ್ನು ಪರೀಕ್ಷಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1: ಈ ಕೋಡ್ ಸೆನ್ಸರ್ ಕೆಟ್ಟಿದೆ ಎನ್ನುವುದಿಲ್ಲ, ಅದರಿಂದ ಸಂದೇಶ ಬರುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಮೊದಲು ಫ್ಯೂಸ್, ಸೆನ್ಸರಿಗೆ ಬರುವ 12 ವೋಲ್ಟ್ ಮತ್ತು ಅರ್ತ್ ನೋಡಿ. ಬಳಿಕ ಬ್ಯಾಟರಿಯ ನೆಗೆಟಿವ್ ಕಳಚಿ, ಓಬಿಡಿ (ಸ್ಕ್ಯಾನರ್ ಜೋಡಿಸುವ) ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವಿನ ರೋಧವನ್ನು ಅಳೆಯಿರಿ: ಕ್ಯಾನ್ ಜಾಲದ (ಕಾರಿನ ನಿಯಂತ್ರಣ ಘಟಕಗಳು ಸಂದೇಶ ಕಳಿಸುವ ಎರಡು ತಂತಿಗಳ ಜಾಲ) ಎರಡು ತುದಿಗಳಲ್ಲಿರುವ 120 ಓಮ್ ರೋಧಕಗಳು ಸಮಾನಾಂತರವಾಗಿರುವುದರಿಂದ ಸುಮಾರು 60 ಓಮ್ ಬರಬೇಕು, 120 ಬಂದರೆ ಎಲ್ಲೋ ತಂತಿ ತುಂಡಾಗಿರುವ ಸಾಧ್ಯತೆ ಹೆಚ್ಚು, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ.

ಉತ್ತರ 2: ಗೇಟ್‌ವೇ (ಓಬಿಡಿ ಸಾಕೆಟ್ ಮತ್ತು ಒಳಗಿನ ಜಾಲಗಳ ನಡುವೆ ಕೂರುವ ಘಟಕ) ಇರುವ ಕಾರುಗಳಲ್ಲಿ ಈ ಅಳತೆಯನ್ನು ಸೆನ್ಸರಿನ ಕನೆಕ್ಟರಿನಲ್ಲೇ ಮಾಡಬೇಕಾಗುತ್ತದೆ. ಅಲ್ಲಿ ಏರ್‌ಬ್ಯಾಗ್ ಇರುವುದರಿಂದ, ಬ್ಯಾಟರಿ ಕಳಚಿ ತಯಾರಕರ ಕೈಪಿಡಿ ಹೇಳುವಷ್ಟು ಹೊತ್ತು ಕಾಯದೆ ಸ್ಟೀರಿಂಗ್ ಬಿಚ್ಚಲೇಬೇಡಿ.

ಪ್ರಶ್ನೆ ಕೇಳಿದವರು: 60 ಓಮ್ ಬಂತು, ಆದರೆ ಸೆನ್ಸರಿಗೆ 12 ವೋಲ್ಟ್ ಇರಲಿಲ್ಲ. ಕನೆಕ್ಟರ್ ಬಿಚ್ಚಿದಾಗ ಒಂದು ಪಿನ್ ಹಸಿರು ಕಿಲುಬು ಹಿಡಿದು ಒಳಗೆ ಸರಿದಿತ್ತು. ಪಿನ್ ಬದಲಿಸಿ ಕೋಡ್ ಅಳಿಸಿದ ಮೇಲೆ ದೀಪಗಳು ಆರಿವೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.