ರಾತ್ರಿ 2 ಗಂಟೆಗೆ ಫ್ರಿಡ್ಜ್ ಆಫ್ ಆಗ್ತಿದೆ: ಬ್ಯಾಟ್ರಿ ಹೋಯ್ತಾ, ಇಲ್ಲಾ ವೈರಿಂಗಾ?

ಅಲೆಮಾರಿ12: ಎಲ್ರಿಗೂ ನಮಸ್ಕಾರ. ನಮ್ ಕ್ಯಾಂಪರ್ ಟ್ರೇಲರ್‌ನಲ್ಲಿ 100 ಎಎಚ್ (ಆಂಪಿಯರ್-ಅವರ್) ಎಜಿಎಂ ಬ್ಯಾಟ್ರಿ (ಸೀಲ್ ಆಗಿರೋ ಲೆಡ್-ಆಸಿಡ್ ಥರದ್ದು) ಇದೆ, ಮೂರು ವರ್ಷ ಆಯ್ತು. ಗಾಡಿ ಓಡ್ತಿರುವಾಗ ಆಲ್ಟರ್ನೇಟರಿಂದ (ಎಂಜಿನ್ ಓಡುವಾಗ ಕರೆಂಟ್ ಮಾಡೋದು) ನೇರ ವೈರ್ ಎಳೆದು ಆಂಡರ್ಸನ್ ಪ್ಲಗ್ (ಜಾಸ್ತಿ ಕರೆಂಟ್ ತಡ್ಕೊಳ್ಳೋ ದಪ್ಪ ಪ್ಲಗ್) ಮೂಲಕ ಚಾರ್ಜ್ ಆಗತ್ತೆ, ಮಧ್ಯದಲ್ಲಿ ಬೇರೆ ಚಾರ್ಜರ್ ಏನೂ ಇಲ್ಲ. ದಿನಕ್ಕೆ ಐದು ಗಂಟೆ ಓಡಿಸಿ ಸಂಜೆ ನಿಲ್ಲಿಸಿದ ತಕ್ಷಣ ಮೀಟರ್ ಇಟ್ರೆ 12.8 ತೋರ್ಸತ್ತೆ, ಫುಲ್ ಅಂದ್ಕೊಂಡು ಮಲಗ್ತೀವಿ, ರಾತ್ರಿ 2 ಗಂಟೆ ಹೊತ್ತಿಗೆ ಫ್ರಿಡ್ಜ್ ಲೋ ವೋಲ್ಟೇಜ್ ಅಂತ ಬೀಪ್ ಹೊಡೆದು ಆಫ್. ಬೆಳಗ್ಗೆ ನೋಡಿದ್ರೆ ಬ್ಯಾಟ್ರಿ 12.2 ಇರತ್ತೆ. ಹೊಸ ಬ್ಯಾಟ್ರಿ ತಗೊಳ್ಳೋದೇ ಸರಿನಾ? ಗೊತ್ತಿರೋರು ಹೇಳಿ.

ಲಿಥಿಯಂ_ಸವಾರ: ಎಜಿಎಂಗೆ ಮೂರು ವರ್ಷ ಆಯ್ತು ಅಂದ್ರೆ ಅದರ ಕೆಲಸ ಮುಗೀತು ಅಂತ ಇಟ್ಕೊಳಿ. ನಾನು ಎರಡು ಸಲ ಎಜಿಎಂ ಬದಲಾಯಿಸಿ ಸುಸ್ತಾಗಿ ಲಿಥಿಯಂಗೆ ಹೋದೆ, ಆಮೇಲೆ ರಾತ್ರಿ ಎದ್ದು ಮೀಟರ್ ನೋಡಿಲ್ಲ. ಅದೇ 100 ಎಎಚ್‌ನಲ್ಲಿ 80-90 ಧಾರಾಳವಾಗಿ ಬಳಸ್ಬೋದು, ಎಜಿಎಂನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಆಯಸ್ಸು ಕಮ್ಮಿ. ತೂಕ ಕೂಡ ಅರ್ಧಕ್ಕಿಂತ ಕಮ್ಮಿ.

ವೈರಿಂಗ್_ಅಣ್ಣ: ಸ್ವಲ್ಪ ತಡೀರಿ, ಯಾರೂ ಏನೂ ಅಳತೆ ಮಾಡದೆ ಹೊಸದು ತಗೊಳಿ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಬೆಳಗ್ಗೆ 12.2 ಇದೆ ಅಂತ ಅವರೇ ಹೇಳ್ತಿದಾರಲ್ಲ, 12.2 ಅಂದ್ರೆ ಬ್ಯಾಟ್ರಿ ಖಾಲಿ ಆಗಿಲ್ಲ, ಸುಮಾರು ಅರ್ಧ ಇದೆ. ಅರ್ಧ ಇರೋ ಬ್ಯಾಟ್ರಿ ಮೇಲೆ ಫ್ರಿಡ್ಜ್ ಯಾಕೆ ಆಫ್ ಆಗ್ಬೇಕು? ಫ್ರಿಡ್ಜ್ ನೋಡೋದು ಬ್ಯಾಟ್ರಿ ವೋಲ್ಟೇಜ್ ಅಲ್ಲ, ತನ್ನ ಪ್ಲಗ್ಗಿಗೆ ಬಂದ ವೋಲ್ಟೇಜ್. ಅಲೆಮಾರಿ ಸಾರ್, ಒಂದು ಕೆಲಸ ಮಾಡಿ, ಕಂಪ್ರೆಸರ್ ಓಡ್ತಾ ಇರುವಾಗಲೇ ಬ್ಯಾಟ್ರಿ ಟರ್ಮಿನಲ್ ಮೇಲೆ ಒಂದು ಸಲ, ಫ್ರಿಡ್ಜ್ ಪ್ಲಗ್ ಹತ್ರ ಒಂದು ಸಲ ಅಳೀರಿ. ಕಂಪ್ರೆಸರ್ ನಿಂತಾಗ ಅಳೆದ್ರೆ ಉಪಯೋಗ ಇಲ್ಲ, ಕರೆಂಟ್ ಹರೀದೆ ಇದ್ರೆ ಎಷ್ಟು ಕೆಟ್ಟ ವೈರ್ ಆದ್ರೂ ಪೂರ್ತಿ ವೋಲ್ಟೇಜ್ ತೋರ್ಸತ್ತೆ. ಫ್ರಿಡ್ಜಲ್ಲಿ ಬ್ಯಾಟ್ರಿ ಪ್ರೊಟೆಕ್ಷನ್ ಸೆಟ್ಟಿಂಗ್ ಹೈ, ಮೀಡಿಯಂ, ಲೋ ಯಾವುದರಲ್ಲಿದೆ ಅದನ್ನೂ ಹೇಳಿ, ಹೈ ಇದ್ರೆ ವೋಲ್ಟೇಜ್ ಸ್ವಲ್ಪ ಇಳಿದ್ರೂ ಬೇಗ ಆಫ್ ಆಗತ್ತೆ.

ಹಳೇ_ಮೆಕ್ಯಾನಿಕ್: ಅಣ್ಣಾ ನೀವು ಹೇಳೋದು ಸರಿ, ಆದ್ರೆ ಅರ್ಧ ಮಾತ್ರ ಸರಿ. ಸಲ್ಫೇಶನ್ ಆದ, ಅಂದ್ರೆ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂತ ಬ್ಯಾಟ್ರಿನೂ ಲೋಡ್ ತೆಗೆದು ನಾಲ್ಕೈದು ಗಂಟೆ ಬಿಟ್ರೆ ವೋಲ್ಟೇಜ್ ಮೇಲೆ ಬರತ್ತೆ, ಬೆಳಗ್ಗೆ 12.2 ತೋರ್ಸತ್ತೆ, ಲೋಡ್ ಕೊಟ್ರೆ ದಢ್ ಅಂತ ಬೀಳತ್ತೆ. ಆಮೇಲೆ ಆ ಸಂಜೆ 12.8 ಇದ್ಯಲ್ಲ, ಅದನ್ನ ನಂಬ್ಲೇಬೇಡಿ. ಈಗಷ್ಟೇ ಚಾರ್ಜಿಂಗ್ ನಿಂತಿದೆ, ಪ್ಲೇಟ್ ಮೇಲ್ಮೈ ಮೇಲಿನ ಚಾರ್ಜ್ ಅದು, ಒಳಗೆ ಇಳಿದಿಲ್ಲ. ಲೋಡೂ ಚಾರ್ಜೂ ಎರಡೂ ಇಲ್ಲದೆ ಕೆಲವು ಗಂಟೆ ಬಿಟ್ಟು ಅಳೆದ್ರೆ ಮಾತ್ರ ನಿಜ ಗೊತ್ತಾಗೋದು. ಇನ್ನೊಂದು ಪ್ರಶ್ನೆ, ಟ್ರಿಪ್ ಇಲ್ದಾಗ ಟ್ರೇಲರ್ ಎಷ್ಟು ದಿನ ನಿಂತಿರತ್ತೆ, ಬ್ಯಾಟ್ರಿ ಕನೆಕ್ಷನ್ ತೆಗೀತೀರಾ?

ಅಲೆಮಾರಿ12: ನಿಜ ಹೇಳ್ಬೇಕಂದ್ರೆ ಕಳೆದ ಸಲ ಮೂರು ತಿಂಗಳು ನಿಂತಿತ್ತು, ಏನೂ ತೆಗೆದಿರ್ಲಿಲ್ಲ. ಎಲ್ಲಾ ಸ್ವಿಚ್ ಆಫ್ ಇತ್ತು. ಫ್ರಿಡ್ಜ್ ಸೆಟ್ಟಿಂಗ್ ಈಗ ನೋಡ್ದೆ, ಹೈ ಅಲ್ಲಿದೆ. ಉಳಿದ ಅಳತೆ ಇವತ್ತು ರಾತ್ರಿ ಮಾಡ್ತೀನಿ.

ಹಳೇ_ಮೆಕ್ಯಾನಿಕ್: ಸ್ವಿಚ್ ಆಫ್ ಇದ್ರೂ ಸ್ಟೀರಿಯೋ ಮೆಮೊರಿ, ಗ್ಯಾಸ್ ಅಲಾರಂ, ವೋಲ್ಟೇಜ್ ಡಿಸ್ಪ್ಲೇ ಇವೆಲ್ಲ ಕುಡೀತಾನೇ ಇರ್ತವೆ. ಬರೀ 50 ಮಿಲಿ ಆಂಪ್ಸ್ ಅಂತ ಇಟ್ಕೊಳಿ, ದಿನಕ್ಕೆ 1.2 ಎಎಚ್, ತಿಂಗಳಿಗೆ 36, ಮೂರು ತಿಂಗಳಿಗೆ 100 ದಾಟ್ತು, ಬ್ಯಾಟ್ರಿ ಪೂರ್ತಿ ಮಲಗಿ ಹೋಯ್ತು. ಹಾಗೆ ಖಾಲಿ ನಿಂತಾಗಲೇ ಪ್ಲೇಟ್ ಮೇಲಿನ ಲೆಡ್ ಸಲ್ಫೇಟ್ ಹರಳುಗಟ್ಟಿ ಗಟ್ಟಿ ಆಗೋದು, ಆಮೇಲೆ ಎಷ್ಟು ಚಾರ್ಜ್ ಕೊಟ್ರೂ ಪೂರ್ತಿ ಕರಗಲ್ಲ. ಇದನ್ನ ನೋಡಿ ನೋಡಿ ನಂಗೆ ಬೇಜಾರಾಗಿದೆ, ಒಳ್ಳೊಳ್ಳೆ ಬ್ಯಾಟ್ರಿಗಳು ಓಡಿ ಸಾಯಲ್ಲ, ನಿಂತು ಸಾಯ್ತವೆ. ನಿಲ್ಲಿಸೋ ಮೊದಲು ಫುಲ್ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚಿಡಿ, ತಿಂಗಳಿಗೊಂದು ಸಲ ಚಾರ್ಜರ್ ಹಾಕಿ, ಅಷ್ಟು ಸಾಕು.

ಸೋಲಾರ್_ಅಕ್ಕ: ನಾನು ನಿಂತಾಗ ಮೇಲೊಂದು ಚಿಕ್ಕ ಪ್ಯಾನೆಲ್ ಮತ್ತೆ ಕಂಟ್ರೋಲರ್ ಬಿಟ್ಟಿರ್ತೀನಿ, ಆ ಸಣ್ಣ ಸೋರಿಕೆಗೆ ಅದೇ ಸಾಕಾಗತ್ತೆ. ಆದ್ರೆ ಶೆಡ್ ಒಳಗೆ ನಿಲ್ಸೋರಿಗೆ ಇದು ಆಗಲ್ಲ. ಸೋರಿಕೆ ಅಳೆಯೋರಿಗೆ ಒಂದು ಎಚ್ಚರಿಕೆ, ಮಲ್ಟಿಮೀಟರನ್ನ ಆಂಪ್ಸ್‌ಗೆ ಇಟ್ಟು ಪ್ಲಸ್ಸಿಗೂ ಮೈನಸ್ಸಿಗೂ ಹಿಡೀಬೇಡಿ, ನೇರ ಶಾರ್ಟ್ ಆಗತ್ತೆ. ನೆಗೆಟಿವ್ ಕೇಬಲ್ ಬಿಚ್ಚಿ ಕೇಬಲ್ಲಿಗೂ ಟರ್ಮಿನಲ್ಲಿಗೂ ಮಧ್ಯೆ ಇಡಬೇಕು.

ಹೊಸ_ಟ್ರೇಲರ್: ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂದು ಮುಚ್ಚಳ ಬಿಚ್ಚೋ ಥರದ ಬ್ಯಾಟ್ರಿ. ವೀಕ್ ಆಗಿದೆ, ಸ್ವಲ್ಪ ಆಸಿಡ್ ಹಾಕಿದ್ರೆ ಚುರುಕಾಗತ್ತೆ ಅಂತ ಒಬ್ರು ಹೇಳಿದ್ರು, ಹಾಕ್ಲಾ?

ಹಳೇ_ಮೆಕ್ಯಾನಿಕ್: ಬೇಡವೇ ಬೇಡ. ಆವಿ ಆಗಿ ಹೋಗೋದು ನೀರು, ಆಸಿಡ್ ಒಳಗೇ ಇರತ್ತೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಅದೂ ಫುಲ್ ಚಾರ್ಜ್ ಆದ್ಮೇಲೆ, ಇಲ್ಲಾಂದ್ರೆ ಚಾರ್ಜ್ ಆಗುವಾಗ ಮಟ್ಟ ಏರಿ ಉಕ್ಕತ್ತೆ. ಪ್ಲೇಟ್ ಕಾಣ್ತಾ ಇದ್ರೆ ಮಾತ್ರ ಮೊದಲು ಪ್ಲೇಟ್ ಮುಳುಗೋಷ್ಟು ಹಾಕಿ. ಆಮೇಲೆ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಾಢ ಇದೆ ಅಂತ ಅಳೆಯೋದು) ಇಟ್ಟು ಆರೂ ಸೆಲ್ ನೋಡಿ, ಫುಲ್ ಅಂದ್ರೆ 1.265 ಆಸುಪಾಸು. ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ 0.050 ಕೆಳಗಿದ್ರೆ ಆ ಸೆಲ್ ಹೋಗಿದೆ ಅಂತ ಅರ್ಥ. ಕನ್ನಡಕ, ಗ್ಲೌಸ್ ಹಾಕ್ಕೊಳ್ಳಿ, ಗಾಳಿ ಆಡೋ ಕಡೆ ಮಾಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬರತ್ತೆ.

ಅಲೆಮಾರಿ12: ಅಳತೆ ಆಯ್ತು. ಕಂಪ್ರೆಸರ್ ಓಡ್ತಿರುವಾಗ ಕ್ಲಾಂಪ್ ಮೀಟರಲ್ಲಿ ನಾಲ್ಕೂವರೆ ಆಂಪ್ಸ್. ಬ್ಯಾಟ್ರಿ ಟರ್ಮಿನಲ್ಲಲ್ಲಿ 12.3, ಫ್ರಿಡ್ಜ್ ಪ್ಲಗ್ಗಲ್ಲಿ 11.5!!

ವೈರಿಂಗ್_ಅಣ್ಣ: ನೋಡಿದ್ರಾ, 0.8 ವೋಲ್ಟ್ ದಾರಿಯಲ್ಲೇ ಕಳೆದುಹೋಗ್ತಿದೆ. ಬರೀ ನಾಲ್ಕೂವರೆ ಆಂಪ್ಸ್‌ಗೆ ಇದು ತುಂಬಾ ಜಾಸ್ತಿ. ಸೆಟ್ಟಿಂಗ್ ಹೈ ಇದ್ರೆ ಫ್ರಿಡ್ಜ್ ಆಫ್ ಆಗೋದು ಸಹಜ. ಈಗ ತುಂಡು ತುಂಡಾಗಿ ಹುಡುಕಿ: ಮೀಟರ್ ವೋಲ್ಟ್ಸ್ ಅಲ್ಲೇ ಇರ್ಲಿ, ಕಂಪ್ರೆಸರ್ ಓಡ್ತಿರ್ಲಿ, ಒಂದು ಪ್ರೋಬ್ ಬ್ಯಾಟ್ರಿ ಪ್ಲಸ್ ಮೇಲೆ, ಇನ್ನೊಂದು ಫ್ಯೂಸಿನ ಈಚೆ, ಆಮೇಲೆ ಆಚೆ, ಆಮೇಲೆ ಸಾಕೆಟ್ ಹಿಂದೆ. ಎಲ್ಲಿ ಸಂಖ್ಯೆ ಹಾರತ್ತೋ ಅಲ್ಲೇ ಕಳ್ಳ. ನೆಗೆಟಿವ್ ಕಡೆನೂ ಹಾಗೇ ಮಾಡಿ, ಎಲ್ಲರೂ ಪ್ಲಸ್ ಮಾತ್ರ ನೋಡಿ ಬಿಟ್ಬಿಡ್ತಾರೆ.

ಲಿಥಿಯಂ_ಸವಾರ: ಒಪ್ಕೋತೀನಿ ಅಣ್ಣ. ಆದ್ರೂ ಒಂದು ಮಾತು, ಲಿಥಿಯಂ ಲೋಡ್ ಕೊಟ್ರೂ ಬಹುತೇಕ ಕೊನೇವರೆಗೂ 13ರ ಹತ್ರ ಹತ್ರನೇ ಇರತ್ತೆ, ಆಗ 0.8 ಹೋದ್ರೂ ಫ್ರಿಡ್ಜಿಗೆ 12ರ ಮೇಲೆ ಸಿಗತ್ತೆ, ಈ ತೊಂದರೆ ಬರೋದೇ ಇಲ್ಲ.

ವೈರಿಂಗ್_ಅಣ್ಣ: ಬರೋದೇ ಇಲ್ಲ ಅಲ್ಲ, ಕಾಣೋದಿಲ್ಲ. ಅದೇ ನಂಗೆ ಭಯ. 0.8 ವೋಲ್ಟ್ ನಾಲ್ಕೂವರೆ ಆಂಪ್ಸ್ ಅಂದ್ರೆ ಮೂರೂವರೆ ವ್ಯಾಟ್ ಬಿಸಿ ದಾರಿಯಲ್ಲಿ ಉತ್ಪತ್ತಿ ಆಗ್ತಿದೆ, ಅದರಲ್ಲಿ ದೊಡ್ಡ ಪಾಲು ಒಂದೇ ಲೂಸ್ ಕನೆಕ್ಷನ್ನಲ್ಲಿ ಇದ್ರೆ ಪ್ಲಾಸ್ಟಿಕ್ ಕರಗತ್ತೆ. ಬ್ಯಾಟ್ರಿ ಚೆನ್ನಾಗಿದ್ದಷ್ಟೂ ಅದು ತಿಳಿಯೋದು ತಡ. ಆಮೇಲೆ ಇವರದ್ದು ಆಲ್ಟರ್ನೇಟರಿಂದ ನೇರ ಕನೆಕ್ಷನ್, ಅದಕ್ಕೆ ಲಿಥಿಯಂ ಹಾಕಿದ್ರೆ ಅದು ಎಷ್ಟು ಸಿಕ್ಕತ್ತೋ ಅಷ್ಟೂ ಎಳೆಯತ್ತೆ, ಆಲ್ಟರ್ನೇಟರ್ ಕಾದು ಹೋಗತ್ತೆ, ಡಿಸಿ-ಡಿಸಿ ಚಾರ್ಜರ್ (ಮಧ್ಯೆ ಕೂತು ವೋಲ್ಟೇಜ್, ಕರೆಂಟ್ ಎರಡನ್ನೂ ಹಿಡಿತದಲ್ಲಿಡೋದು) ಬೇಕೇ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡೋ ಹಾಗೂ ಇಲ್ಲ.

ಲಿಥಿಯಂ_ಸವಾರ: ಡಿಸಿ-ಡಿಸಿ ವಿಷಯ ಹೌದು, ನನ್ನ ಗಾಡೀಲಿ ಇದೆ, ಮೊದಲೇ ಹೇಳ್ಬೇಕಿತ್ತು.

ಅಲೆಮಾರಿ12: ಸಿಕ್ತು. ಫ್ಯೂಸ್ ಹೋಲ್ಡರ್ ಎರಡೂ ಕಡೆ ಮಧ್ಯೆ 0.3, ಸಿಗರೇಟ್ ಲೈಟರ್ ಥರದ ಸಾಕೆಟ್ಟಲ್ಲಿ 0.2, ಉಳಿದ 0.3 ವೈರಲ್ಲಿ. ಹೋಲ್ಡರ್ ಬಿಚ್ಚಿದ್ರೆ ಒಳಗೆ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದ್ರೆ ಬಿಸಿ. ನಿಜವಾಗ್ಲೂ ಹೆದರಿಕೆ ಆಯ್ತು, ಮಕ್ಕಳು ಅದರ ಮೇಲೇ ಮಲಗ್ತಾರೆ. ಗಾಡಿ ಓಡ್ತಿರುವಾಗಲೂ ಅಳೆದೆ: ಗಾಡಿ ಬ್ಯಾಟ್ರೀಲಿ 14.2, ಟ್ರೇಲರ್ ಬ್ಯಾಟ್ರೀಲಿ 13.4, ಆಗ 15 ಆಂಪ್ಸ್ ಹರೀತಿತ್ತು. ವೈರ್ 6 ಸ್ಕ್ವೇರ್ (ಚದರ ಮಿ.ಮೀ.), ಒಂದು ಕಡೆಗೆ ಸುಮಾರು 7 ಮೀಟರ್.

ವೈರಿಂಗ್_ಅಣ್ಣ: ಲೆಕ್ಕ ಸರಿಯಾಗಿ ಕೂರತ್ತೆ. 6 ಸ್ಕ್ವೇರ್ ತಾಮ್ರಕ್ಕೆ ಮೀಟರಿಗೆ ಸುಮಾರು 3 ಮಿಲಿ ಓಮ್, ಹೋಗಿ ಬರೋಕೆ 14 ಮೀಟರ್, 15 ಆಂಪ್ಸ್‌ಗೆ 0.65 ವೋಲ್ಟ್ ವೈರಲ್ಲೇ ಹೋಯ್ತು, ಉಳಿದದ್ದು ಪ್ಲಗ್ಗು, ಲಗ್ಗುಗಳಲ್ಲಿ (ವೈರ್ ತುದಿಗೆ ಒತ್ತೋ ಲೋಹದ ತುಂಡು). 16 ಸ್ಕ್ವೇರ್ ಹಾಕಿದ್ರೆ ಅದು 0.25ಕ್ಕೆ ಇಳಿಯತ್ತೆ. ಎಜಿಎಂಗೆ 14.4 ಹತ್ರ ಬೇಕು, 13.4ರಲ್ಲಿ ಅದು ಯಾವತ್ತೂ ಫುಲ್ ಆಗಲ್ಲ.

ಸೋಲಾರ್_ಅಕ್ಕ: ಯಾವತ್ತೂ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು ಅಣ್ಣ. ಬ್ಯಾಟ್ರಿ ತುಂಬ್ತಾ ತುಂಬ್ತಾ ಕರೆಂಟ್ ಇಳಿಯತ್ತೆ, ಕರೆಂಟ್ ಇಳಿದ್ರೆ ದಾರಿಯಲ್ಲಿ ಕಳೆಯೋ ವೋಲ್ಟೇಜ್ ಕೂಡ ಇಳಿದು ಬ್ಯಾಟ್ರಿಗೆ 14ರ ಹತ್ರ ಸಿಗತ್ತೆ. ಆದ್ರೆ ಕೊನೆಯ 20 ಪರ್ಸೆಂಟಿಗೆ ಒಳ್ಳೆ ಚಾರ್ಜರಲ್ಲೇ ಗಂಟೆಗಟ್ಲೆ ಬೇಕು, ಇಲ್ಲಿ ಐದು ಗಂಟೆ ಡ್ರೈವಿನಲ್ಲಿ ಅದು ಆಗಲ್ಲ, ಅದೂ ಫ್ರಿಡ್ಜ್ ಓಡ್ತಾನೇ ಇರುವಾಗ. ಮೂರು ವರ್ಷ ಪ್ರತಿ ಟ್ರಿಪ್ಪಲ್ಲೂ ಮುಕ್ಕಾಲು ತುಂಬಿದ್ದೇ ತುಂಬಿದ್ದು, ಬ್ಯಾಟ್ರಿ ಸೊರಗಿರೋದಂತೂ ಖಂಡಿತ. ಹೊಸ ಗಾಡಿ ಆಗಿದ್ರೆ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸೋ ಥರದ್ದು ಇರಬೋದು, ಆಗ ದಪ್ಪ ವೈರ್ ಒಂದೇ ಸಾಲಲ್ಲ.

ಹಳೇ_ಮೆಕ್ಯಾನಿಕ್: ಹಾಗಾದ್ರೆ ಬ್ಯಾಟ್ರಿಯಲ್ಲಿ ಎಷ್ಟು ಉಳಿದಿದೆ ಅಂತಾನೂ ನೋಡೇ ಬಿಡೋಣ. ಕರೆಂಟಿನ ಚಾರ್ಜರಲ್ಲಿ, ಎಜಿಎಂ ಮೋಡಲ್ಲಿ, ಒಂದು ದಿನ ಪೂರ್ತಿ ಹಾಕಿ, ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಹಳೇ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಒಂದನ್ನ ಲೋಡ್ ಕೊಡಿ, ಫ್ಯೂಸ್ ಹಾಕಿ, ಅದೂ ಹತ್ರತ್ರ ನಾಲ್ಕೂವರೆ ಆಂಪ್ಸೇ ಎಳೆಯತ್ತೆ. ಲೋಡ್ ಮೇಲೆ 12.0ಗೆ ಬಂದ ತಕ್ಷಣ ನಿಲ್ಸಿ ಟೈಮ್ ಬರ್ಕೊಳಿ. ಬಲ್ಬ್ ಸುಡತ್ತೆ, ಬಟ್ಟೆ ಹತ್ರ ಇಡಬೇಡಿ.

ಅಲೆಮಾರಿ12: ಮಾಡ್ದೆ ಸಾರ್. ಬೆಳಗ್ಗೆ 12.8 ಇತ್ತು, 12.0 ಬರೋಕೆ 7 ಗಂಟೆ ಹಿಡೀತು. 32 ಎಎಚ್ ಅಂತಾಯ್ತು.

ಹಳೇ_ಮೆಕ್ಯಾನಿಕ್: ಹೊಸದಾಗಿದ್ರೆ ಹತ್ತು ಗಂಟೆ ದಾಟ್ಬೇಕಿತ್ತು. ಒಳ್ಳೇ ಪಾಲು ಹೋಗಿದೆ, ಆದ್ರೆ ಸತ್ತಿಲ್ಲ.

ಸೋಲಾರ್_ಅಕ್ಕ: ಒಂದು ರಾತ್ರಿಗೆ ಸಾಕಲ್ವಾ? ಕಂಪ್ರೆಸರ್ ಗಂಟೆಗೆ 25 ನಿಮಿಷ ಓಡತ್ತೆ ಅಂದ್ರೂ ಹನ್ನೆರಡು ಗಂಟೆಗೆ 22-23 ಎಎಚ್. ಬಿಸಿಲಿನ ದಿನಗಳಲ್ಲಿ ಇದು ಏರತ್ತೆ, ಆಗ ಕಷ್ಟ. ಎರಡನೇ ಬ್ಯಾಟ್ರಿ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಸೇರಿಸೋ ಯೋಚನೆ ಮಾತ್ರ ಮಾಡ್ಬೇಡಿ, ಹಳೇದು ಹೊಸದನ್ನೂ ಎಳ್ಕೊಂಡು ಹೋಗತ್ತೆ.

ಅಲೆಮಾರಿ12: ಅಪ್ಡೇಟ್: ಹೋಲ್ಡರ್ ಬಿಸಾಕಿ ಬ್ಯಾಟ್ರಿ ಪಕ್ಕದಲ್ಲೇ ಹೊಸ ಫ್ಯೂಸ್ ಹಾಕ್ದೆ, ಫ್ರಿಡ್ಜಿಗೆ ಬೇರೆಯಾಗಿ 6 ಸ್ಕ್ವೇರ್ ವೈರ್ ಎಳೆದೆ, ಸಾಕೆಟ್ ತೆಗೆದು ಸಣ್ಣ ಆಂಡರ್ಸನ್ ಪ್ಲಗ್ ಕೂರಿಸ್ದೆ, ಲಗ್ಗುಗಳನ್ನ ಸರಿಯಾದ ಕ್ರಿಂಪರಲ್ಲಿ ಒತ್ತಿದೆ. ಈಗ ಟರ್ಮಿನಲ್ಲಿಗೂ ಪ್ಲಗ್ಗಿಗೂ 0.15 ವ್ಯತ್ಯಾಸ ಅಷ್ಟೇ. ಫ್ರಿಡ್ಜ್ ಸೆಟ್ಟಿಂಗ್ ಮೀಡಿಯಂಗೆ ಇಳಿಸಿದೀನಿ. ನಿನ್ನೆ ರಾತ್ರಿ ಬೆಳಗಿನವರೆಗೂ ಓಡಿದೆ, ಒಂದು ಬೀಪೂ ಇಲ್ಲ. ಬ್ಯಾಟ್ರಿ ಈ ಸೀಸನ್ ಓಡಿಸ್ತೀನಿ, ಡಿಸಿ-ಡಿಸಿ ಮೊದಲು, ಬ್ಯಾಟ್ರಿ ಆಮೇಲೆ. ವೈರಿಂಗ್ ಅಣ್ಣ, ಡಿಸಿ-ಡಿಸಿ ಗಾಡೀಲಿ ಕೂರಿಸ್ಲಾ, ಟ್ರೇಲರಲ್ಲಾ?

ವೈರಿಂಗ್_ಅಣ್ಣ: ಟ್ರೇಲರಲ್ಲಿ, ಬ್ಯಾಟ್ರಿಗೆ ಎಷ್ಟು ಹತ್ರ ಆಗತ್ತೋ ಅಷ್ಟು ಹತ್ರ. ದಾರಿಯಲ್ಲಿ ಬಿದ್ದ ವೋಲ್ಟೇಜನ್ನ ಅದು ಅಲ್ಲೇ ಎತ್ತಿ 14.4 ಕೊಡತ್ತೆ. ಗಾಳಿ ಆಡೋ ಜಾಗ ನೋಡಿ, ಅದೂ ಬಿಸಿ ಆಗತ್ತೆ. ಗಾಡಿ ಕಡೆಗೊಂದು ಟ್ರೇಲರ್ ಬ್ಯಾಟ್ರಿ ಕಡೆಗೊಂದು, ಎರಡೂ ತುದೀಲಿ ಫ್ಯೂಸ್ ಇರ್ಲಿ, ಮರೀಬೇಡಿ.