ಗದ್ದೆ ಮೇಲಿನ ಸೈಟು: ಗುಂಡಿ ತೆಗೆಯದೆ ಅಡ್ವಾನ್ಸ್ ಕೊಡಬಹುದಾ?

ಮಂಡ್ಯಹೈದ:
ಮಂಡ್ಯದ ಆಚೆ ಹೊಸ ಲೇಔಟಿನಲ್ಲಿ ಒಂದು 30-40 ಸೈಟು ನೋಡಿದ್ದೇನೆ. ಪಕ್ಕದ ಲೇಔಟಿಗಿಂತ ಚದರ ಅಡಿಗೆ 300 ರೂಪಾಯಿ ಕಡಿಮೆ. ಮೂರು ವರ್ಷದ ಹಿಂದೆ ಅದು ಭತ್ತದ ಗದ್ದೆ. ಈಗ ಅಲಿನೇಷನ್ (ಕೃಷಿ ಜಮೀನನ್ನು ಮನೆ ಜಾಗವಾಗಿ ಬದಲಿಸುವುದು) ಆಗಿದೆ, ವಕೀಲರು ಪತ್ರ ನೋಡಿ ಸರಿ ಇದೆ ಅಂದಿದ್ದಾರೆ. ಹಿಂದುಗಡೆ ಒಂದು ಕಿರುಗಾಲುವೆ ಹರಿಯುತ್ತದೆ. ಬ್ರೋಕರ್ "ಐದಡಿ ಗ್ರಾವೆಲ್ ತುಂಬಿಸಿದ್ದೀವಿ ಸಾರ್, ರೋಡ್ ಲೆವೆಲ್ ಬಂದಿದೆ" ಅನ್ನುತ್ತಾನೆ. ಗುಂಡಿ ತೆಗೆದು ನೋಡೋಣ ಅಂದರೆ ಮೊದಲು ಅಡ್ವಾನ್ಸ್ ಅಂತೆ. ಏನು ಮಾಡಲಿ?

ಬೆಲ್ಲದಗಾಣ:
ತಗೊಳ್ಳಿ ಗುರು. ಮಂಡ್ಯದಲ್ಲಿ ಗದ್ದೆ ಅಲ್ಲದ ಜಾಗ ಎಲ್ಲಿ ಉಳಿದಿದೆ? ನಮ್ಮ ತಾತ ಕಟ್ಟಿದ ಮನೆಗೆ ಎಂಬತ್ತು ವರ್ಷ. ಯಾವ ಲ್ಯಾಬಿಗೂ ಮಣ್ಣು ಕಳಿಸಿರಲಿಲ್ಲ, ಒಂದು ಬಿರುಕೂ ಬಂದಿಲ್ಲ.

ಹಳೇ ಓವರ್‌ಸಿಯರ್:
ನಿಮ್ಮ ತಾತ ಮನೆ ಕಟ್ಟಿದ್ದು ಗದ್ದೆ ಬಯಲಿನಲ್ಲಾ, ಊರೊಳಗಾ? ಊರೊಳಗೇ ಇರಬೇಕು. ನಮ್ಮ ಕಡೆಯ ಹಳ್ಳಿಗಳನ್ನು ನೋಡಿ, ಊರು ದಿಣ್ಣೆ ಮೇಲೆ, ಗದ್ದೆ ತಗ್ಗಿನಲ್ಲಿ. ಗಟ್ಟಿ ನೆಲ ಮನೆಗೆ, ನೀರು ನಿಲ್ಲುವ ನೆಲ ಬೆಳೆಗೆ. ಈಗ ನಾವು ತಗ್ಗಿಗೆ ಇಳಿದಿದ್ದೇವೆ, ಬಾಯಲ್ಲಿ ಮಾತ್ರ ತಾತನ ಮಾತು. ಇನ್ನೊಂದು, ವಿಶ್ವೇಶ್ವರಯ್ಯ ನಾಲೆ (ಹಿಂದೆ ಇರ್ವಿನ್ ನಾಲೆ ಅನ್ನುತ್ತಿದ್ದರು) ಬರುವ ಮುಂಚೆ ಇಲ್ಲಿ ಬಹಳ ಕಡೆ ರಾಗಿ ಬೆಳೆಯುವ ಒಣ ನೆಲವೇ ಇತ್ತು. ನೀರು ಬಂದು ತೊಂಬತ್ತು ವರ್ಷದ ಹತ್ತಿರವಾಯಿತು. ಅಷ್ಟೂ ವರ್ಷ ಕೆಸರು ಮಾಡಿ ಉತ್ತ ಗದ್ದೆಯಲ್ಲಿ ಕೆಳಗೆ ಒಂದು ಗಟ್ಟಿ ಪದರ ಕೂತಿರುತ್ತದೆ, ನೀರು ಕೆಳಗೆ ಇಳಿಯುವುದಿಲ್ಲ. ಮೇಲೆ ಗ್ರಾವೆಲ್ ಸುರಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಬೆಲ್ಲದಗಾಣ:
ಪಿಲ್ಲರ್ ಹಾಕಿದರೆ ಮುಗಿಯಿತಲ್ಲ ಸರ್! ಈಗ ಯಾರು ಸೈಜುಗಲ್ಲಿನ ಪಾಯ ಹಾಕುತ್ತಾರೆ?

ಮೈಸೂರಕ್ಕ:
ಮುಗಿಯಲ್ಲ ಅಣ್ಣ, ನನ್ನನ್ನು ಕೇಳಿ. ನಮ್ಮದು ಮೈಸೂರಿನ ಹೊರಗೆ ಮಣ್ಣು ತುಂಬಿಸಿದ ಸೈಟು. ಪಿಲ್ಲರನ್ನು ಹಳೇ ನೆಲದ ತನಕ ಇಳಿಸಿ ಕಟ್ಟಿದೆವು, ಗೋಡೆಗೆ ಏನೂ ಆಗಲಿಲ್ಲ. ಆದರೆ ಮನೆಯ ನೆಲ ಕೂತಿರುವುದು ಪಿಲ್ಲರ್ ಮೇಲಲ್ಲ, ತುಂಬಿಸಿದ ಮಣ್ಣಿನ ಮೇಲೆ! ಎರಡನೇ ಮಳೆಗಾಲಕ್ಕೆ ನಡುಮನೆಯ ಟೈಲ್ಸ್ ಮಧ್ಯದಲ್ಲಿ ಕುಸಿಯಿತು, ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿಯ ಕೆಳಗೆ ಎರಡು ಬೆರಳು ಸಂದಿ. ಹೊರಗೆ ಮೆಟ್ಟಿಲು ಬೇರೆ, ಮನೆ ಬೇರೆ. ಆಮೇಲೆ ಗೊತ್ತಾಯಿತು, ಮಣ್ಣನ್ನು ಮುಕ್ಕಾಲು ಅಡಿ ಒಂದಡಿ ಪದರವಾಗಿ ಹಾಕಿ, ನೀರು ಬಿಟ್ಟು, ರೋಲರ್ ಓಡಿಸಬೇಕಂತೆ. ನಮ್ಮ ಲೇಔಟಿನವರು ಟಿಪ್ಪರಿನಲ್ಲಿ ತಂದು ಸುರಿದು ಜೆಸಿಬಿಯಲ್ಲಿ ಸವರಿದ್ದರು ಅಷ್ಟೆ.

ಹಳೇ ಓವರ್‌ಸಿಯರ್:
ಸಂಪಿನ ಕಥೆಯನ್ನೂ ಸೇರಿಸಿಕೊಳ್ಳಿ. ಅಂತರ್ಜಲ ಮೇಲಿರುವ ಕಡೆ 10,000 ಲೀಟರಿನ ಸಂಪು ಅಂದರೆ ನೆಲದೊಳಗಿನ ದೋಣಿ. ಸುತ್ತ ಪೂರ್ತಿ ನೀರು ನಿಂತಿರುವಾಗ ತೊಳೆಯುವುದಕ್ಕೆ ಅಂತ ಖಾಲಿ ಮಾಡಿದರೆ ಕೆಳಗಿನಿಂದ 10 ಟನ್ನಿಗೂ ಜಾಸ್ತಿ ಬಲ ಮೇಲಕ್ಕೆ ತಳ್ಳುತ್ತದೆ. ತೆಳು ತಳವಾದರೆ ಸೀಳುತ್ತದೆ. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಹೋಗಿ ಸೈಟು ನೋಡಿ ಅನ್ನುವುದು ಇದಕ್ಕೇ. ಬ್ರೋಕರ್ ಕರೆದುಕೊಂಡು ಹೋಗುವುದು ಬೇಸಿಗೆಯಲ್ಲಿ, ಅಲ್ವಾ?

ಗಾರೆಕೆಲಸ:
ನಾನು ಮೇಸ್ತ್ರಿ, ಇಪ್ಪತ್ತು ವರ್ಷದಿಂದ ಪಾಯ ತೆಗೆಸುತ್ತಿದ್ದೇನೆ. ಕೆಂಪು ಮಣ್ಣು, ಗರಸು ಸಿಕ್ಕಿದರೆ ಚಿಂತೆ ಇಲ್ಲ. ಎರೆ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು ಸಿಕ್ಕಿದರೆ ನಿಂತು ಯೋಚಿಸಬೇಕು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಸಣ್ಣ ಮನೆಯನ್ನು ಎತ್ತಿ ಇಳಿಸುವಷ್ಟು ಶಕ್ತಿ ಅದಕ್ಕಿದೆ. ಒಂದೇ ಮಹಡಿ ಅಲ್ವಾ ಅಂತ ಸುಮ್ನೆ ಇರಬೇಡಿ, ಭಾರ ಕಡಿಮೆ ಇದ್ದಷ್ಟೂ ಮಣ್ಣು ಎತ್ತುವುದು ಸಲೀಸು.

ಹಳೇ ಓವರ್‌ಸಿಯರ್:
ಮೇಸ್ತ್ರಿ ಹೇಳಿದ್ದು ನಿಜ. ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಅಳತೆ ಕೊಳವೆಯಲ್ಲಿ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಮಣ್ಣಿನ ಗಾತ್ರ ಅಲ್ಲಿ 8 ಎಂಎಲ್, ನೀರಿನಲ್ಲಿ 12 ಎಂಎಲ್ ಆದರೆ ಉಬ್ಬು ಶೇ 50. ಅದು ದಾಟಿದರೆ ಹುಷಾರು. ಆಳಕ್ಕೂ ಎರೆಯೇ ಇದ್ದರೆ ಅಡಿಯಲ್ಲಿ ಗೆಡ್ಡೆಯ ಹಾಗೆ ದಪ್ಪ ಬರುವ ನೆಲದೊಳಗಿನ ಕಂಬ, ಅಂಡರ್ ರೀಮ್ಡ್ ಪೈಲ್ ಹಾಕಬೇಕು, ಅದು ಕನಿಷ್ಠ 3.5 ಮೀಟರ್ ಆಳ ಹೋಗಬೇಕು. ಈಗ ಲೆಕ್ಕ ಹಾಕಿ. 1,200 ಚದರ ಅಡಿಗೆ 300ರಂತೆ ನಿಮಗೆ ಉಳಿಯುವುದು 3.6 ಲಕ್ಷ. ಮಾರುವವನು ಅದನ್ನು ಪ್ರೀತಿಯಿಂದ ಬಿಟ್ಟಿಲ್ಲ.

ಬೆಲ್ಲದಗಾಣ:
ಹೀಗೆ ಹೆದರಿಸಿದರೆ ಬಡವರು ಮನೆ ಕಟ್ಟುವುದು ಯಾವಾಗ? ಗಟ್ಟಿ ನೆಲದ ಸೈಟಿಗೆ ದುಡ್ಡಿಲ್ಲದವರೇ ತಗ್ಗಿಗೆ ಬರುವುದು, ಗೊತ್ತಿಲ್ಲದೆ ಅಲ್ಲ.

ಮೈಸೂರಕ್ಕ:
ಅದೂ ಸರಿ. ನಾವೂ ಹಾಗೇ ಬಂದವರು. ಆದರೆ ಗೊತ್ತಿದ್ದು ಬಂದಿದ್ದರೆ ರಿಪೇರಿ ದುಡ್ಡನ್ನು ಮೊದಲೇ ಪಾಯಕ್ಕೆ ಹಾಕುತ್ತಿದ್ದೆವು.

ಪಹಣಿಪ್ರಿಯ:
ಗುಂಡಿ ವಿಷಯಕ್ಕೆ ಬರೋಣ. ಅಡ್ವಾನ್ಸ್ ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಡಿ, "ಮಣ್ಣು ಪರೀಕ್ಷೆ ಒಪ್ಪಿಗೆಯಾಗದಿದ್ದರೆ ವಾಪಸ್" ಅಂತ ಅಗ್ರಿಮೆಂಟಿನಲ್ಲಿ ಬರೆಸಿ. ಆಗಲ್ಲ ಅಂದರೆ ಉತ್ತರ ಸಿಕ್ಕಿತಲ್ಲ. ಮನೆಯಲ್ಲೇ ಕೂತು ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ, ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆ ಹೇಗೆ ಹೋಗಿದೆ ನೋಡಿ. ಪಹಣಿಯಲ್ಲಿ ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ) ಇದ್ದರೆ ಅದು ಯಾವ ಕಡೆ ಅಂತ ಕೇಳಿ, ಹಳ್ಳ ಅಲ್ಲೇ ಇರಬಹುದು. ಹೆಸರನ್ನೂ ಕೇಳಿಸಿಕೊಳ್ಳಿ. ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ನಡೆಯುವುದು ದೊಡ್ಡಕೆರೆ ಮೈದಾನದಲ್ಲಿ. ಕೆರೆ ಹೋದರೂ ಹೆಸರು ಹೋಗಿಲ್ಲ.

ಗಾರೆಕೆಲಸ:
ಅಕ್ಕಪಕ್ಕದ ಕಾಂಪೌಂಡ್ ಗೋಡೆ ನೋಡಿ, ಕರೆಂಟ್ ಕಂಬ ವಾಲಿದೆಯಾ ನೋಡಿ. ಕಾಂಪೌಂಡಿಗೆ ಯಾರೂ ಆಳದ ಪಾಯ ಹಾಕಿರುವುದಿಲ್ಲ, ಮೊದಲು ಬಿರುಕು ಬಿಡುವುದು ಅದೇ.

ಮಂಡ್ಯಹೈದ:
ಎಲ್ಲರಿಗೂ ಥ್ಯಾಂಕ್ಸ್. ಹತ್ತು ಸಾವಿರ ಕೊಟ್ಟು, ಷರತ್ತು ಬರೆಸಿ, ನಿನ್ನೆ ಎರಡು ಮೂಲೆಯಲ್ಲಿ ಗುಂಡಿ ತೆಗೆಸಿದೆ. ಮುಂದಿನದರಲ್ಲಿ ಐದಡಿ ಗ್ರಾವೆಲ್ ನಿಜವಾಗಿಯೂ ಇದೆ. ಹಿಂದಿನದರಲ್ಲಿ ಒಂದಡಿ ಗ್ರಾವೆಲ್, ಆಮೇಲೆ ಹೆಂಚಿನ ಚೂರು, ಸಿಮೆಂಟ್ ಚೀಲ, ಯಾರದೋ ಹಳೇ ಚಪ್ಪಲಿ, ಅದರ ಕೆಳಗೆ ಕಪ್ಪು ಮಣ್ಣು. ಸಂಜೆ ಹೊತ್ತಿಗೆ ಗೇಣುದ್ದ ನೀರು ಬಂದಿತ್ತು. ಬ್ರೋಕರ್ ಮಳೆ ನೀರು ಅಂದ. ಮಳೆ ಬಂದು ಹದಿನೈದು ದಿನವಾಗಿದೆ.

ಬೆಲ್ಲದಗಾಣ:
ಹಾಗಾದರೆ ಇನ್ನೂ 200 ಕಡಿಮೆ ಕೇಳಿ.

ಮಂಡ್ಯಹೈದ:
ಕೇಳಿದೆ. 50 ಬಿಡ್ತೀನಿ ಅಂದ. ಹತ್ತು ಸಾವಿರ ವಾಪಸ್ ಕೇಳಿದ್ದಕ್ಕೆ ಸೋಮವಾರ ಬನ್ನಿ ಅಂದಿದ್ದಾನೆ.

ಹಳೇ ಓವರ್‌ಸಿಯರ್:
ಅದಿರಲಿ, ಆ ಗುಂಡಿ ಮುಚ್ಚಿಸಿ ಬಂದಿರಾ? ದನ ಕರು ಓಡಾಡುವ ಜಾಗ.