ಆಸ್ಪತ್ರೆ ಹೊರಗೆ ಊಟ ಕೊಡೋದು ಒಬ್ಬಳಿಂದ ಆಗುತ್ತಾ? ಮಾಡಿದವರು ಹೇಳಿ

ತುಮಕೂರಿನ ಮಗಳು:
ಅಮ್ಮನ ಜೊತೆ ಸರ್ಕಾರಿ ಆಸ್ಪತ್ರೆಯಲ್ಲಿ 19 ದಿನ ಇದ್ದೆ. ರೋಗಿಗೆ ಊಟ ಬರುತ್ತಿತ್ತು, ಜೊತೆಗಿದ್ದವರಿಗೆ ಇಲ್ಲ. ಎಷ್ಟೋ ಜನ ರಾತ್ರಿ ಬನ್ನು, ಟೀಯಲ್ಲೇ ಮಲಗುತ್ತಿದ್ದರು. ಅಮ್ಮ ಉಳಿಯಲಿಲ್ಲ. ಅವರ ಹೆಸರಲ್ಲಿ ಭಾನುವಾರ ರಾತ್ರಿ 30 ಜನಕ್ಕೆ ಊಟ ಕೊಡೋ ಆಸೆ. ತಿಂಗಳಿಗೆ 6,000 ಎತ್ತಿಡಬಲ್ಲೆ. ಟ್ರಸ್ಟ್ ಬೇಕಾ?

ಶಿವಮೊಗ್ಗ ಅಡುಗೆ:
4 ವರ್ಷ ಮಾಡಿದೆ. ನಿಂತು 8 ತಿಂಗಳಾಯ್ತು, ಇನ್ನೂ ಸಂಕಟ ಹೋಗಿಲ್ಲ. 60 ಜನಕ್ಕೆ ನನ್ನ ಲೆಕ್ಕ ಇದು: ಅಕ್ಕಿ 6 ಕೆಜಿ 330, ಬೇಳೆ ಒಂದೂವರೆ ಕೆಜಿ 240, ತರಕಾರಿ 150, ಎಣ್ಣೆ-ಪುಡಿ 120, ಗ್ಯಾಸ್ 150, ಹಾಳೆ ತಟ್ಟೆ 240, ಆಟೋ 200. ಒಟ್ಟು 1,430. ದುಡ್ಡಿಗೆ ಯಾವತ್ತೂ ತೊಂದರೆ ಆಗಲಿಲ್ಲ. ಒಂದು ಮೇ ತಿಂಗಳಲ್ಲಿ ಬಿಸಿ ಸಾರಿಗೆ ಮುಚ್ಚಳ ಬಿಗಿದು ಆಟೋದಲ್ಲಿಟ್ಟೆ. ಗೇಟಿನಲ್ಲಿ ಎರಡು ಗಂಟೆ ನಿಲ್ಲಿಸಿದರು. ಸಾರು ಹಳಸಿತು, ಇಬ್ಬರಿಗೆ ವಾಂತಿ. ಮಾರನೇ ವಾರದಿಂದ ಒಳಗೆ ಬಿಡಲೇ ಇಲ್ಲ. ಬಾಯಿಮಾತಿನ ಪರ್ಮಿಷನ್ ನಂಬಿದ್ದೇ ತಪ್ಪು. ಬರೆಸಿಕೊಳ್ಳಿ.

ಉಡುಪಿ ಟ್ರಸ್ಟಿ:
ಅದಕ್ಕೇ ಟ್ರಸ್ಟ್ ಬೇಕು ಅನ್ನೋದು. ನಾವು ಮಾಡಿಸಿದೆವು. ವಕೀಲರು, ಆಡಿಟರ್, ಓಡಾಟ ಸೇರಿ 11,500 ಹೋಯ್ತು. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸೋ 80ಜಿ ಅಂತ ಇದೆಯಲ್ಲ, ನಮ್ಮ ಅದರ ತಾತ್ಕಾಲಿಕ ನೋಂದಣಿ 3 ವರ್ಷದ್ದು, ಕಾಯಂ ಮಾಡಿಸೋ ಗಡುವು ಆಡಿಟರ್ ಮರೆತರು. ದಾನ ಕೊಟ್ಟವರ ಮುಂದೆ ತಲೆ ತಗ್ಗಿಸಿದೆ. ಒಬ್ಬರು 5,000 ನಗದು ಕೊಟ್ಟು ತೆರಿಗೆ ರಿಯಾಯಿತಿ ಕೇಳಿದರು. 2,000ಕ್ಕಿಂತ ಜಾಸ್ತಿ ನಗದಿಗೆ ಅದು ಸಿಗಲ್ಲ ಅಂದರೆ ನನ್ನನ್ನೇ ಕಳ್ಳ ಅಂದರು. ಆದರೂ ಇವತ್ತಿಗೂ ನಡೀತಿದೆ. ನಿಂತಿಲ್ಲ.

ಶಿವಮೊಗ್ಗ ಅಡುಗೆ:
"ನಿಂತಿಲ್ಲ" ಅಂತ ಯಾರಿಗೆ ಹೇಳಿದ್ದು? ಆ 11,500ರಲ್ಲಿ ನಾನು 480 ಜನಕ್ಕೆ ಬಡಿಸಿದ್ದೀನಿ.

ಮೈಸೂರು ಟೋಕನ್:
ಯಾಕೆ ಅಡುಗೆ ರಗಳೆ? ನಾನು ಅವರನ್ನೇ ಇಂದಿರಾ ಕ್ಯಾಂಟೀನಿಗೆ ಕರ್ಕೊಂಡು ಹೋಗ್ತೀನಿ. ಊಟಕ್ಕೆ 10 ರೂಪಾಯಿ. 30 ಜನಕ್ಕೆ 300. ಪಾತ್ರೆ ತೊಳೆಯೋದೂ ಇಲ್ಲ.

ಕಲಬುರಗಿ ತಮ್ಮ:
ಐಸಿಯು ಹೊರಗೆ ಕೂತಿದ್ದೀರಾ ಯಾವತ್ತಾದರೂ? ಅಣ್ಣನ ಹೆಸರು ಯಾವಾಗ ಕೂಗ್ತಾರೋ ಅಂತ ನಾನು ಮೂತ್ರಕ್ಕೂ ಏಳುತ್ತಿರಲಿಲ್ಲ. ಕ್ಯಾಂಟೀನ್ ತನಕ ಯಾರು ಬರ್ತಾರೆ? ಒಬ್ಬ ಅಜ್ಜಿ ಮನೆಯಿಂದ ಎರಡು ರೊಟ್ಟಿ, ಶೇಂಗಾ ಚಟ್ನಿ ತಂದು ಕೈಗಿಟ್ಟು ಹೋದರು. ಆರು ವರ್ಷ ಆಯ್ತು. ಅವರ ಟ್ರಸ್ಟ್ ಯಾವುದು ಅಂತ ನಾನು ಕೇಳಲಿಲ್ಲ.

ಮೈಸೂರು ಟೋಕನ್:
ನಡೆದು ಬರೋಕೆ ಆಗುವವರಿಗೆ ನಾನು ಮಾಡ್ತಿದ್ದೀನಿ. ಅದೂ ತಪ್ಪಾ?

ಮಂಗಳೂರಿನವ:
ಹರೇಕಳ ಹಾಜಬ್ಬರನ್ನು ನೋಡಿ. ಕಿತ್ತಳೆ ಮಾರಿ ಕೂಡಿಟ್ಟ ದುಡ್ಡಲ್ಲಿ ಊರಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆ ಆಯ್ತು. ಒಬ್ಬರೇ ಸಾಕು.

ಉಡುಪಿ ಟ್ರಸ್ಟಿ:
ಪೂರ್ತಿ ಹೇಳಿ. ಅದು ಸರ್ಕಾರಿ ಶಾಲೆ. ಅವರು ಕಚೇರಿ ಕಚೇರಿ ಅಲೆದು ಮಂಜೂರು ಮಾಡಿಸಿದರು, ದಾನಿಗಳೂ ಕೈಜೋಡಿಸಿದರು. ಕಾಗದಪತ್ರ ಇಲ್ಲದೆ ಏನೂ ನಿಲ್ಲಲ್ಲ.

ಮಂಗಳೂರಿನವ:
ಅಲೆದವರು ಯಾರು? ಅವರೇ ಅಲ್ವಾ? ಅವರು ಹೊರಡದೇ ಇದ್ದಿದ್ದರೆ ಯಾವ ಕಚೇರಿ ಹುಡುಕಿಕೊಂಡು ಬರ್ತಿತ್ತು?

ತುಮಕೂರಿನ ಮಗಳು:
ದಯವಿಟ್ಟು ಜಗಳ ಬೇಡ. ಶಿವಮೊಗ್ಗದ ಅಣ್ಣ, ಮುಚ್ಚಳ ಬಿಗಿಯದಿದ್ದರೆ ಆಟೋದಲ್ಲಿ ಸಾರು ಚೆಲ್ಲಲ್ವಾ?

ಶಿವಮೊಗ್ಗ ಅಡುಗೆ:
ಸಾರೇ ಬೇಡಮ್ಮ. ಮೊದಲ ತಿಂಗಳು ಚಿತ್ರಾನ್ನ ಮಾಡಿ. ಕಾಯಿತುರಿ ಹಾಕಬೇಡಿ, ನಿಂಬೆ ಸ್ವಲ್ಪ ಮುಂದಿರಲಿ. ಅನ್ನ ಅಗಲ ತಟ್ಟೆಯಲ್ಲಿ ಆರಿಸಿಯೇ ಕಲಸಿ. ನನ್ನ ಹತ್ತಿರ ದೊಡ್ಡ ಪಾತ್ರೆ ಎರಡು ಸುಮ್ನೆ ಬಿದ್ದಿವೆ. ಬಸ್ಸಿಗೆ ಹಾಕಿ ಕಳಿಸ್ಲಾ?